ಅಂಚಿಗೆ ಬಂದ ಮೇಣ

ನಂಜುಂಡೇಶ್ ಫ್ಯಾನ್ ಹಾಕದೆ ಕುಳಿತದ್ದೇ ಎಲ್ಲಕ್ಕೂ ಮೂಲ. ಏಪ್ರಿಲ್ ತಿಂಗಳ ನಂಜನಗೂಡಿನಲ್ಲಿ, ಭಾನುವಾರ ಬೆಳಿಗ್ಗೆ, ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ನಡುಮನೆಯ ನೆಲದ ಮೇಲೆ ಒಂಟಿ ದೀಪವಿಟ್ಟುಕೊಂಡು, ಅದರೆದುರು ಚಕ್ಕಳಮಕ್ಕಳ ಹಾಕಿ ಬೆವರುತ್ತ ಕುಳಿತ ಗಂಡಸನ್ನು ಕಂಡರೆ ಯಾರೂ ಒಳ್ಳೆಯದನ್ನು ಊಹಿಸುವುದಿಲ್ಲ.

ಅಸಲಿಗೆ ಅದು ದೀಪವಲ್ಲ, ಮೇಣದಬತ್ತಿ. ಗಾಜಿನ ಲೋಟದಲ್ಲಿ ಹೊಯ್ದದ್ದು. ಉರಿಸಿದರೆ ನಂಜನಗೂಡು ರಸಬಾಳೆಯ ಪರಿಮಳ ಬರುವಂಥದ್ದು. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ನಂಜುಂಡೇಶನ ಹೆಂಡತಿ ನಯನ, ಅಡುಗೆಮನೆಯಲ್ಲೇ ಕಲಿತು, ಅಡುಗೆಮನೆಯನ್ನೇ ಬಲಿಕೊಟ್ಟು ತಯಾರಿಸಿದ್ದಳು. ಸೋಮನಾಥಪುರದ ಬಳಿ ಪ್ರವಾಸಿಗರಿಗಾಗಿ ಅತಿಥಿಗೃಹ ನಡೆಸುವ ಕವನ ಮೇಡಂ ಅವರಿಗೆ ಕೋಣೆ ಕೋಣೆಗೂ ಇಂಥ ಬತ್ತಿ ಬೇಕಾಗಿತ್ತು. ಹಿಂದೊಮ್ಮೆ ನೋಡಲು ಬಂದೂ ಇದ್ದರು. ಆ ದಿನ ನಂಜುಂಡೇಶ್ ಉರಿಯುತ್ತಿದ್ದ ಬತ್ತಿಯನ್ನು ಅರ್ಧಕ್ಕೇ ಊದಿ ಕಾಫಿಗೆ ಹೋಗಿದ್ದ. ಮತ್ತೆ ಹಚ್ಚಿದಾಗ ಅದು ನಟ್ಟನಡುವೆ ಬಾವಿ ತೋಡಿಕೊಂಡು ಪಾತಾಳಕ್ಕಿಳಿಯಿತು. ಸುತ್ತಲಿನ ಮೇಣ ಕರಗದೆ ಕೋಟೆಗೋಡೆಯಂತೆ ನಿಂತಿತು. ಮೇಡಂ ಬಾವಿಯೊಳಗೆ ಇಣುಕಿ, "ಇನ್ನೊಂದ್ಸಲ ನೋಡೋಣ" ಎಂದು ಎದ್ದು ಹೋದರು.

"ಮೇಣಕ್ಕೆ ಜ್ಞಾಪಕಶಕ್ತಿ ಜಾಸ್ತಿ ಕಣ್ರೀ," ಎಂದು ನಯನ ಈ ಬೆಳಿಗ್ಗೆ ಹೊರಡುವಾಗ ಹೇಳಿದ್ದಳು. "ಮೊದಲ್ನೇ ಸಲ ಎಲ್ಲಿಗಂಟ ಕರಗ್ತದೋ ಮುಂದಕ್ಕೂ ಅಲ್ಲಿಗಂಟ ಮಾತ್ರ ಕರಗೋದು. ಅಂಚು ಮುಟ್ಟೋಗಂಟ ಆರಿಸ್ಬೇಡಿ, ಗಾಳಿ ತಾಗಿಸ್ಬೇಡಿ, ಬತ್ತಿ ವಾಲಕ್ಕೆ ಬಿಡ್ಬೇಡಿ. ನಾನು ನರಸೀಪುರಕ್ಕೆ ಹೋಗಿ ಮೇಡಂ ಕಾರಲ್ಲೇ ಅವ್ರನ್ನ ಕರ್ಕೊಂಡು ಬತ್ತೀನಿ. ಈ ಸಲನೂ ಬಾವಿ ಬಿತ್ತೋ, ನಾನು ಈ ಕೆಲ್ಸನೇ ಬಿಟ್ಟುಬಿಡ್ತೀನಿ."

ಇದನ್ನು ಅವಳು ಸಿಟ್ಟಿನಿಂದ ಹೇಳಿದ್ದರೆ ನಂಜುಂಡೇಶ್ ಹೆದರುತ್ತಿರಲಿಲ್ಲ. ಮೆಲ್ಲಗೆ, ಸೆರಗು ಸರಿಮಾಡಿಕೊಳ್ಳುತ್ತ ಹೇಳಿದ್ದಳು. ಅದಕ್ಕೇ ಅವನು ಅಲುಗಾಡದೆ ಕುಳಿತಿದ್ದ.

ಎದುರುಮನೆಯ ಪುಟ್ಟಬಸಮ್ಮ ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದದ್ದು ಆಗಲೇ. ಬಾಗಿಲು ಸ್ವಲ್ಪವೇ ತೆರೆದಿತ್ತು. ಒಳಗೆ ನಂಜುಂಡೇಶ್ ಫೋನಿನಲ್ಲಿ ಪಿಸುದನಿಯಲ್ಲಿ ಮಾತಾಡುತ್ತಿದ್ದ.

"ಇನ್ನೂ ಆಗಿಲ್ಲ, ನಯನಾ... ಅಂಚಿಗೆ ಬಂದದೆ... ಇಲ್ಲ, ಗಾಳಿ ಒಂಚೂರೂ ಆಡ್ತಿಲ್ಲ. ನೀನು ಬರೋ ಹೊತ್ಗೆ ಎಲ್ಲಾ ಮುಗ್ದಿರ್ತದೆ, ಯೋಚ್ನೆ ಮಾಡ್ಬೇಡ."

ಪುಟ್ಟಬಸಮ್ಮ ಕೇಳಿಸಿಕೊಂಡಳು, ಒಳಗೆ ಮುಚ್ಚಿದ್ದ ಕೋಣೆಯ ಬಾಗಿಲನ್ನು ನೋಡಿದಳು. ಅದು ನಂಜುಂಡೇಶನ ತಂದೆ ಗುರುಮಲ್ಲಪ್ಪನವರ ಕೋಣೆ. ರಾತ್ರಿಯೆಲ್ಲ ಅವರ ಕೆಮ್ಮು ಬೀದಿಗೇ ಕೇಳಿಸಿತ್ತು. ಬೆಳಗಾಗುವ ಮೊದಲೇ ಅವರು ಎದ್ದು, ಎಮ್ಮೆ ನೋಡಲೆಂದು ಚಿಕ್ಕಯ್ಯನಛತ್ರಕ್ಕೆ ಹೋದದ್ದು ಮಾತ್ರ ಬೀದಿಗೆ ತಿಳಿದಿರಲಿಲ್ಲ. ಗುರುಮಲ್ಲಪ್ಪನವರು ಎಮ್ಮೆ ಕೊಳ್ಳುವವರಲ್ಲ. ನೋಡುವವರು.

ಪುಟ್ಟಬಸಮ್ಮ ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದಿರುಗಿದಳು. ಹೆಪ್ಪು ಕೇಳುವ ಹೊತ್ತಲ್ಲ ಎಂಬಷ್ಟು ವಿವೇಕ ಅವಳಲ್ಲಿತ್ತು.

ಮೊದಲು ಬಂದವನು ಬೆಟ್ಟಸ್ವಾಮಿ. ಆ ಬೀದಿಯಲ್ಲಿ ಯಾರು ತೀರಿಕೊಂಡರೂ ಬೆಂಚು, ಶಾಮಿಯಾನ, ಹೂವು ಎಲ್ಲಕ್ಕೂ ಅವನೇ ಯಜಮಾನ. ಬದುಕಿದ್ದವರ ಮನೆಗೆ ಅವನು ಬರುವುದೇ ಅಪರೂಪ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಬಂದು ನಂಜುಂಡೇಶನ ಪಕ್ಕ ಕುಳಿತ.

"ಎಷ್ಟೊತ್ಗಾಯ್ತು?" ಎಂದ.

"ಇನ್ನೂ ಆಗಿಲ್ಲ, ಬೆಟ್ಟಸ್ವಾಮಣ್ಣ. ಇನ್ನೇನು, ಆಗೋ ಹಂಗದೆ."

ಬೆಟ್ಟಸ್ವಾಮಿ ಗಂಭೀರವಾಗಿ ತಲೆಯಾಡಿಸಿದ. ಜೀವ ಅಂಚಿಗೆ ಬಂದು ನಿಲ್ಲುವುದನ್ನು ಅವನು ಬಹಳ ಮನೆಗಳಲ್ಲಿ ಕಂಡಿದ್ದ. ಹಿಂದೆಯೇ ಬೀದಿಯ ನಾಲ್ಕಾರು ಗಂಡಸರು, ಅವರ ಹಿಂದೆ ಹೆಂಗಸರು, ಒಬ್ಬೊಬ್ಬರಾಗಿ ಬಂದು ದೀಪದ ಸುತ್ತ ಕುಳಿತರು. ಬೆಟ್ಟಸ್ವಾಮಿ ಅವರತ್ತ ತಿರುಗಿ, "ಅಯ್ನೋರು ಬರೋಗಂಟ ಒಳಗೆ ಯಾರೂ ಓಗಬ್ಯಾಡಿ" ಎಂದು ಪಿಸುಗುಟ್ಟಿದ. ಸಾವಿನ ಮನೆಯಲ್ಲಿ ಯಾರು, ಏನು ಎಂದು ಕೇಳುವುದು ಮರ್ಯಾದೆಯಲ್ಲ. ಗೊತ್ತಿದೆ ಎಂಬಂತೆ ಕೂರಬೇಕು. ಎಲ್ಲರೂ ಹಾಗೇ ಕುಳಿತರು.

ನಂಜುಂಡೇಶನಿಗೆ ಆಶ್ಚರ್ಯವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ನಯನಾಳ ಬತ್ತಿ ನೋಡಲು ಇಷ್ಟು ಜನ!

"ಕಾಫಿ ಕೊಡಾಕಾಗ್ತಿಲ್ಲ, ತಪ್ಪು ತಿಳ್ಕೋಬೇಡಿ," ಎಂದ. "ಇದನ್ನ ಬಿಟ್ಟು ಏಳಂಗಿಲ್ಲ. ಒಲೆ ಹಚ್ಚೋರೂ ಇಲ್ಲ."

"ಬುಡ್ತು ಅನ್ನಪ್ಪಾ! ಇಂತಾ ದಿನ ಯಾರಾದ್ರೂ ಒಲೆ ಅಚ್ತಾರಾ?" ಎಂದಳು ಪುಟ್ಟಬಸಮ್ಮ, ಮೂಗೊರೆಸಿಕೊಂಡು. ಒರೆಸಿಕೊಂಡ ಮೂಗು ತಾನಾಗಿಯೇ ಅರಳಿತು. "ಬಾಳೇಹಣ್ಣು ತಂದವ್ರೆ. ಎಷ್ಟು ಘಮ ಅಂತದೆ. ಪೂಜೆಗೆ ಎಲ್ಲಾ ಅಣಿ ಮಾಡ್ಕೊಂಡವ್ರೆ ಪಾಪ."

ಅಷ್ಟರಲ್ಲಿ ಸೆಕೆ ತಡೆಯಲಾರದೆ ಮೂಲೆಯಲ್ಲಿದ್ದವನೊಬ್ಬ ಎದ್ದು ಫ್ಯಾನಿನ ಗುಂಡಿ ಒತ್ತಿದ. ರೆಕ್ಕೆ ಒಂದು ಸುತ್ತು ಬಂತು. ಜ್ವಾಲೆ ಮಗ್ಗುಲಿಗೆ ಮಲಗಿತು.

"ಆರ್ತದೆ! ಅಯ್ಯೋ ಆರೋಯ್ತದೆ!" ಎಂದು ನಂಜುಂಡೇಶ್ ಕಿರುಚಿ, ಲೋಟವನ್ನು ಎರಡೂ ಕೈಯಿಂದ ಮರೆಮಾಡಿ ಅದರ ಮೇಲೆ ಬಗ್ಗಿದ. ಅಲ್ಲಿಯವರೆಗೆ ಸಂಯಮದಿಂದಿದ್ದ ಹೆಂಗಸರಿಗೆ ಅಷ್ಟೇ ಸಾಕಾಯಿತು. ಜೀವ ಹೋಯಿತೆಂದೇ ತಿಳಿದು ಒಮ್ಮೆಗೇ ಅಳತೊಡಗಿದರು. ಬತ್ತಿಗಾಗಿ ಇಷ್ಟು ಅಳುವವರೂ ಇದ್ದಾರಲ್ಲ ಎಂದು ನಂಜುಂಡೇಶನಿಗೆ ಅನಿಸಿತು. ಬೆಟ್ಟಸ್ವಾಮಿ ಎದ್ದು ಫ್ಯಾನು ನಿಲ್ಲಿಸಿ, ಗುಂಡಿ ಒತ್ತಿದವನನ್ನು ಕೆಂಗಣ್ಣಿನಿಂದ ನೋಡಿದ. "ದೀಪ ಕಾಪಾಡ್ಬೇಕು ಅನ್ನೋ ಗ್ಯಾನ ಇಲ್ವೇನ್ಲಾ ನಿಂಗೆ?"

ಆಮೇಲೆ ದೀಪವನ್ನು ಕಾಪಾಡುವುದು ಇಡೀ ಬೀದಿಯ ಹೊಣೆಯಾಯಿತು. ಪುಟ್ಟಬಸಮ್ಮ ಓಡಿಹೋಗಿ ಹರಳೆಣ್ಣೆ ತಂದಳು.

"ದೀಪ ಸಣ್ಣಗಾಗದೆ. ಒಂಚೂರು ಎಣ್ಣೆ ಬುಡ್ತೀನಿ, ಜರುಗು."

"ಬೇಡ ಅತ್ತೆ! ನಿಮ್ಮ ಕಾಲಿಗೆ ಬೀಳ್ತೀನಿ, ಎಣ್ಣೆ ಬೇಡ!" ನಂಜುಂಡೇಶ್ ನಿಜವಾಗಿಯೂ ಕಾಲು ಹಿಡಿದ. ಎಣ್ಣೆಯ ಬಟ್ಟಲು ಹಿಂದೆ ಸರಿಯಿತು. ಹೆತ್ತವರ ಮೇಲೆ ಇಷ್ಟು ಅಕ್ಕರೆ ಇರುವ ಮಗ ಇತ್ತೀಚೆಗೆ ಎಲ್ಲಿ ಸಿಗುತ್ತಾನೆ ಎಂದು ಹೆಂಗಸರು ಮಾತಾಡಿಕೊಂಡರು.

ಬಾಗಿಲ ಸಂದಿಯಿಂದ ಗಾಳಿ ನುಸುಳುತ್ತಿದೆಯೆಂದು ಬೆಟ್ಟಸ್ವಾಮಿ ಗಂಡಸರನ್ನು ಹೆಗಲಿಗೆ ಹೆಗಲು ತಾಗಿಸಿ ಕೂರಿಸಿದ. ಹಿಂದಿನ ಸಾಲು ಮುಂದಿನ ಸಾಲಿಗೆ ಗೋಡೆಯಾಯಿತು. ಗಾಳಿಗೆ ಎಡೆಯಿಲ್ಲದ ಆ ಮನುಷ್ಯಕೋಟೆಯ ನಡುವೆ ಜ್ವಾಲೆ ನೆಟ್ಟಗೆ, ಶಾಲೆಯ ಮೊದಲ ಬೆಂಚಿನ ಹುಡುಗಿಯಂತೆ ಅಲುಗಾಡದೆ ನಿಂತಿತು. ಮೇಣ ಕರಗುತ್ತ ಕರಗುತ್ತ ಅಂಚಿನತ್ತ ಹರಿಯಿತು. ನಂಜುಂಡೇಶನ ಕಣ್ಣು ತುಂಬಿ ಬಂತು. ಹಾಗೆ ಕಣ್ಣು ತುಂಬಿದವನನ್ನು ಕಂಡು ಉಳಿದವರ ಕಣ್ಣೂ ತುಂಬಿತು.

ಮಧ್ಯಾಹ್ನದ ಹೊತ್ತಿಗೆ ಗುರುಮಲ್ಲಪ್ಪನವರು ಎಮ್ಮೆ ನೋಡಿ ಮುಗಿಸಿ ಬಂದರು. ಮನೆಯ ಮುಂದೆ ಅಷ್ಟು ಚಪ್ಪಲಿ, ಒಳಗೆ ಅಷ್ಟು ಬಗ್ಗಿದ ತಲೆಗಳನ್ನು ಕಂಡು ಗಾಬರಿಯಾದರೂ, ಮರ್ಯಾದಸ್ಥರಾದ್ದರಿಂದ ಏನೂ ಕೇಳದೆ ಟವಲನ್ನು ಹೆಗಲಿಂದಿಳಿಸಿ, ಹಿಂದಿನ ಸಾಲಿನಲ್ಲಿ ಬೆಟ್ಟಸ್ವಾಮಿಯ ಬೆನ್ನಿಗೆ ಕುಳಿತರು. ಸ್ವಲ್ಪ ಹೊತ್ತು ಎಲ್ಲರ ಜೊತೆ ತಾವೂ ನಿಟ್ಟುಸಿರು ಬಿಟ್ಟರು. ಆಮೇಲೆ ತಡೆಯಲಾಗಲಿಲ್ಲ.

"ಯಾರ್ಲಾ ತೀರ್ಕೊಂಡದ್ದು?" ಎಂದು ಮೆಲ್ಲಗೆ ಕೇಳಿದರು.

"ಗುರುಮಲ್ಲಪ್ನೋರು," ಎಂದ ಬೆಟ್ಟಸ್ವಾಮಿ, ತಿರುಗಿ ನೋಡದೆ.

"ಯಾವ ಗುರುಮಲ್ಲಪ್ಪ?"

"ಇದೇ ಮನೆಯೋರು ಕಣಣ್ಣ."

ಗುರುಮಲ್ಲಪ್ಪನವರು ಯೋಚಿಸಿದರು. "ಒಳ್ಳೆ ಮನ್ಸ ಕಣ್ಲಾ," ಎಂದರು. ಮತ್ತೂ ಯೋಚಿಸಿದರು. "ಲೇ, ಅದು ನಾನೇ ಅಲ್ವೇನ್ಲಾ?"

ಬೆಟ್ಟಸ್ವಾಮಿ ತಿರುಗಿದ. ಅವನ ಜೊತೆ ಇಡೀ ಸಭೆ ತಿರುಗಿತು. ಪುಟ್ಟಬಸಮ್ಮನ ಬಾಯಿಂದ "ಶಿವ ಶಿವಾ" ಎಂಬುದಷ್ಟೇ ಹೊರಟಿತು. ತಾನು ಬೆಳಗಿನಿಂದ ಕುಳಿತಿದ್ದದ್ದು ಸಾವಿನ ಮನೆಯಲ್ಲಿ ಎಂದು ನಂಜುಂಡೇಶನಿಗೆ ಆಗ ಹೊಳೆಯಿತು.

ನಗು ಬರಬೇಕಾಗಿತ್ತು, ಬರಲಿಲ್ಲ. ಗುರುಮಲ್ಲಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಯಾರು ಅತ್ತಿದ್ದಾರೆ, ಯಾರು ಇಲ್ಲ ಎಂದು ಲೆಕ್ಕ ಹಾಕುವಂತೆ. ಮೊದಲು ಎದ್ದವನೇ ಮೊದಲು ಸಿಕ್ಕಿಬೀಳುವವನು ಎಂದು ಎಲ್ಲರಿಗೂ ತಿಳಿದಿತ್ತು. ಹಾಗಾಗಿ ಯಾರೂ ಏಳಲಿಲ್ಲ, ಮಾತಾಡಲಿಲ್ಲ. ಎಲ್ಲರೂ ದೀಪವನ್ನೇ ನೋಡುತ್ತ ಕುಳಿತರು. ಸಾವಿಗೂ ಸಿಗದಂಥ ನಿಶ್ಶಬ್ದ ಆ ಮನೆಗೆ ಬಂತು.

ಆ ನಿಶ್ಶಬ್ದದೊಳಗೇ ನಯನ ಮತ್ತು ಕವನ ಮೇಡಂ ಕಾಲಿಟ್ಟರು.

ನಯನ ಜನರನ್ನು ನೋಡಲಿಲ್ಲ, ಲೋಟ ನೋಡಿದಳು. ಮೇಣ ಅಂಚಿನಿಂದ ಅಂಚಿಗೆ ಕನ್ನಡಿಯಂತೆ ಸಮನಾಗಿ ಕರಗಿ ನಿಂತಿತ್ತು. ಅವಳ ಮುಖ ಅರಳಿತು. ನಂಜುಂಡೇಶ್ ಮದುವೆಯ ದಿನದ ನಂತರ ಮೊದಲ ಬಾರಿಗೆ ಎದೆ ಉಬ್ಬಿಸಿದ.

ಕವನ ಮೇಡಂ ಲೋಟ ನೋಡಲಿಲ್ಲ, ಜನರನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನಯನಾ, ಇದೇ ಕಣಮ್ಮ ನಮ್ಮ ಗೆಸ್ಟುಗಳು ಹುಡುಕ್ಕೊಂಡು ಬರೋದು! ಒಂದು ದೀಪ, ಸುತ್ತ ಹಳೇ ಕಾಲದ ಜನ, ಒಬ್ರೂ ಮಾತಾಡಲ್ಲ, ಒಬ್ರೂ ಫೋನ್ ಮುಟ್ಟಲ್ಲ. ಧ್ಯಾನ ಅಂದ್ರೆ ಇದು. ನಿಮ್ಮ ಯಜಮಾನ್ರು ಕೂರಿಸೋದಾ ಇವ್ರನ್ನೆಲ್ಲ?"

"ಅವ್ರೇ, ಮೇಡಂ," ಎಂದಳು ನಯನ, ಏನೆಂದು ತಿಳಿಯದಿದ್ದರೂ.

"ಹಾಗಾದ್ರೆ ಶನಿವಾರ, ಭಾನುವಾರ ಅವರನ್ನ ಸೋಮನಾಥಪುರಕ್ಕೆ ಕಳಿಸಿಕೊಡಿ. ಬೆಳಿಗ್ಗೆಯಿಂದ ಸಂಜೆವರೆಗೆ ಹೀಗೇ ಕೂತ್ಕೊಂಡು ಜನರನ್ನ ಕೂರಿಸ್ಲಿ."

"ಮತ್ತೆ ಕ್ಯಾಂಡಲ್ಲು, ಮೇಡಂ? ಕೋಣೆಗೊಂದು ಅಂದಿದ್ರಿ..."

"ಯಾಕಮ್ಮ? ಎಲ್ರೂ ಒಂದೇ ಕಡೆ ಕೂರ್ತಾರಲ್ಲ. ಒಂದು ಸಾಕು. ಇಷ್ಟು ಸಮವಾಗಿ ಉರಿದ್ರೆ ಅದು ಮುಗಿಯೋದು ಯಾವ ಕಾಲಕ್ಕೋ!"

ನಯನ ಗಂಡನ ಕಡೆ ನೋಡಿದಳು. ಸಿಟ್ಟಿಲ್ಲ. ಸೆರಗು ಸರಿಮಾಡಿಕೊಂಡು, ಮೆಲ್ಲಗೆ, "ಕಳಿಸ್ತೀನಿ ಬಿಡಿ ಮೇಡಂ. ಉರಿಸೋ ಕೆಲ್ಸ ನಂಗಿಂತ ಅವ್ರಿಗೇ ಚೆನ್ನಾಗಿ ಬತ್ತದೆ" ಎಂದಳು.

"ಅಳಾಕೆ ಯಾರಾದ್ರೂ ಬೇಕಾ, ಕೇಳವ್ವ," ಎಂದಳು ಪುಟ್ಟಬಸಮ್ಮ.

ನಂಜುಂಡೇಶ್ ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಏಳಲು ಹೋದ.

"ಹಾಗೇ ಕೂತಿರಿ ಸರ್, ಅಲ್ಲಾಡಬೇಡಿ," ಎಂದರು ಕವನ ಮೇಡಂ, ಫೋಟೋ ತೆಗೆಯಲು ಫೋನು ಎತ್ತಿಕೊಂಡು. "ಆ ಮುಖ ಮತ್ತೆ ಬರಲ್ಲ."