ನಮ್ಮೂರಲ್ಲಿ ಯಾರೂ ಎಲೆ ಅಡಿಕೆ ತಿನ್ನುವುದಿಲ್ಲ

ಮನುಷ್ಯ ಅತಿ ಸಲೀಸಾಗಿ ಸುಳ್ಳು ಹೇಳುವ ವಿಷಯ ಯಾವುದೆಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಆರೋಗ್ಯ ಎನ್ನುತ್ತೇನೆ. ವಯಸ್ಸು, ಸಂಬಳ, ಮಗನ ಮಾರ್ಕು ಎಲ್ಲ ಆಮೇಲೆ. ಇದನ್ನು ಹೇಳುವ ಅಧಿಕಾರ ನನಗೆ ಉಂಟು, ಯಾಕೆಂದರೆ ನಾನು ವಿಮೆ ಏಜೆಂಟ್. ಮೂಡುಬಿದಿರೆಯಲ್ಲಿ ಮನೆ, ಆ ಕಡೆ ತೋಡಾರಿನಿಂದ ಈ ಕಡೆ ವೇಣೂರಿನ ತನಕ ಸ್ಕೂಟರಿನಲ್ಲಿ ತಿರುಗಾಟ. ಇಷ್ಟು ವರ್ಷಗಳಲ್ಲಿ ನಾನು ಕಾಯಿಲೆ ಇರುವ ಒಬ್ಬನೇ ಒಬ್ಬ ಮನುಷ್ಯನನ್ನು ಕಂಡಿಲ್ಲ. ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ಬಿಪಿ ಮಾತ್ರೆಯ ಪಟ್ಟಿ ಇಣುಕುತ್ತಿರುತ್ತದೆ. ಅದರ ಕೆಳಗೇ ಕುಳಿತ ಯಜಮಾನರನ್ನು “ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ?” ಎಂದು ಕೇಳಿದರೆ, “ಎಂತ ಮಾತ್ರೆ ಮಾರಾಯ್ರೆ? ಶಾಲೆಗೆ ಹೋಗುವಾಗ ಹುಳದ ಮಾತ್ರೆ ತಿಂದದ್ದೇ ಕೊನೆ” ಎನ್ನುತ್ತಾರೆ. ನನ್ನೆದುರು ಕೆಮ್ಮಿದರೂ ಅದು ಕಂಪೆನಿಯ ಹೆಡ್ಡಾಫೀಸಿಗೆ ಕೇಳಿಸುತ್ತದೆ ಎಂದು ಜನರ ನಂಬಿಕೆ. ನನ್ನ ಸ್ಕೂಟರಿನ ಸದ್ದು ಗೇಟಿನ ಬಳಿ ಕೇಳಿದ ಕೂಡಲೇ ಮೊಣಕಾಲು ನೋವಿನವರು ಎದ್ದು ಓಡಾಡುತ್ತಾರೆ, ಸಕ್ಕರೆ ಕಾಯಿಲೆಯವರು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಾರೆ. ಇಂಥ ಆರೋಗ್ಯವಂತರ ನಡುವೆ ಬಾಳಿದ ನನಗೂ ಅದೇ ಅಭ್ಯಾಸವಾದರೆ ಆಶ್ಚರ್ಯವಿಲ್ಲ.

ನನ್ನ ಕಸುಬಿನಲ್ಲಿ ಇನ್ನೊಂದು ತೊಡಕು ಉಂಟು. ನಮ್ಮ ಕಡೆ ಮನೆಗೆ ಬಂದವರ ಮುಂದೆ ಮೊದಲು ಬರುವುದು ನೀರು ಬೆಲ್ಲ, ಅದರ ಬೆನ್ನಿಗೇ ಎಲೆ ಅಡಿಕೆಯ ಹರಿವಾಣ. ಅದನ್ನು ಮುಟ್ಟದೆ ಪಾಲಿಸಿಯ ಮಾತೆತ್ತಿದರೆ ಎದುರಿನವರ ಮುಖ ಸಣ್ಣದಾಗುತ್ತದೆ. ಎಲೆಯ ಬೆನ್ನು ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಹೋಳು ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡ ಮೇಲೆಯೇ ನಾವಿಬ್ಬರೂ ಒಂದೇ ಜಾತಿಯ ಪ್ರಾಣಿಗಳೆಂದು ಖಾತ್ರಿಯಾಗುವುದು. ಹೀಗೆ ಮನೆಯಿಂದ ಮನೆಗೆ ಹೋಗಿ, ನಾನು ವಿಮೆ ಮಾರಿದ್ದಕ್ಕಿಂತ ಎಲೆ ಜಗಿದದ್ದೇ ಹೆಚ್ಚು. ಹೆಂಡತಿ ವಾರಿಜಳ ದೊಡ್ಡಪ್ಪನ ಮಗನಿಗೆ ಬಾಯಿಯ ಆಪರೇಷನ್ ಆದ ವರ್ಷ ಅವಳು ನನ್ನನ್ನು ಎದುರು ಕೂರಿಸಿಕೊಂಡು, “ಇನ್ನು ಇದು ಬೇಡ” ಎಂದಳು. ನಾನು ಬಿಟ್ಟೆ ಎಂದೆ. ಮನೆಯಲ್ಲಿ ನಿಜವಾಗಿಯೂ ಬಿಟ್ಟಿದ್ದೆ. ಹೊರಗಿನದ್ದು ವ್ಯವಹಾರ, ಅದನ್ನು ಅಭ್ಯಾಸದ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನನ್ನ ವಾದವಾಗಿತ್ತು. ವಾರಿಜ ಮಾತ್ರ ನೆಂಟರ ಮದುವೆಗಳಲ್ಲೆಲ್ಲ “ನಮ್ಮವರು ಒಂದೇ ಮಾತಿಗೆ ಬಿಟ್ಟರು” ಎಂದು ಹೇಳಿಕೊಂಡು ಬಂದಳು. ಹೊಗಳಿಕೆ ಕೇಳಿ ತಲೆ ತಗ್ಗಿಸಿದ ನನ್ನನ್ನು ಜನ ವಿನಯವಂತ ಎಂದುಕೊಂಡರು.

ಈ ನಡುವೆ ಒಂದೆರಡು ಸಣ್ಣ ವಿಚಿತ್ರಗಳು ಕಂಡವು. ಮೊದಲು ಇಡಿಯಾಗಿ ಬಾಯಿಗೆ ಹೋಗುತ್ತಿದ್ದ ಗೋಳಿಬಜೆ ಈಗ ಹೋಗುತ್ತಿರಲಿಲ್ಲ. ಹೋಟೆಲಿನವರು ಗೋಳಿಬಜೆಯ ಗಾತ್ರ ಹೆಚ್ಚಿಸಿದ್ದಾರೆಂದು ನಾನು ಸಂತೋಷಪಟ್ಟೆ. ಈ ಕಾಲದಲ್ಲಿ ಗಾತ್ರ ಹೆಚ್ಚಿಸುವ ಹೋಟೆಲು ಎಲ್ಲಿಯದು ಎಂದು ನನಗೆ ಹೊಳೆಯಲಿಲ್ಲ. ಸಾರು ತಾಗಿದರೆ ಕೆನ್ನೆಯ ಒಳಗೆ ಉರಿಯುತ್ತಿತ್ತು. ಅದಕ್ಕೆ ಈ ವರ್ಷದ ಮೆಣಸು ಖಾರ ಎಂದು ವಾರಿಜಳನ್ನು ದೂರಿದೆ. ಪಾಪ, ಅವಳು ಅಂಗಡಿ ಬದಲಿಸಿ ಬೇರೆ ಮೆಣಸು ತಂದಳು. ಅದೂ ಉರಿಯಿತು. ಒಳಗೊಳಗೆ ನನಗೆ ಅನುಮಾನವಿತ್ತು. ಆದರೆ ಅನುಮಾನವನ್ನು ವೈದ್ಯರ ಹತ್ತಿರ ಕೊಂಡುಹೋದರೆ ಅದು ಕಾಯಿಲೆಯಾಗುತ್ತದೆ, ಮನೆಯಲ್ಲೇ ಇಟ್ಟುಕೊಂಡರೆ ಅನುಮಾನವಾಗಿಯೇ ಉಳಿಯುತ್ತದೆ ಎಂದು ಸುಮ್ಮನಿದ್ದೆ.

ಹೀಗಿರುವಾಗ ಧನ್ಯಾ ಬಂದಳು. ವಾರಿಜಳ ಅಕ್ಕನ ಮಗಳು, ಹುಟ್ಟಿ ಬೆಳೆದದ್ದು ದಾವಣಗೆರೆ, ಈಗ ಹಲ್ಲಿನ ಡಾಕ್ಟರಾಗಿ ಇನ್ನೂ ಮೇಲಿನ ಓದು ಓದುತ್ತಿದ್ದಾಳೆ. ಎಲೆ ಅಡಿಕೆ ತಿನ್ನುವವರ ಬಾಯಿಗೆ ಏನೇನು ರೋಗ ಬರುತ್ತದೆ, ಅವರು ನುಂಗುವ ಬೇರೆ ಮಾತ್ರೆಗಳಿಂದ ವಸಡಿನ ಮೇಲೆ ಏನು ಪರಿಣಾಮ ಎಂಬುದು ಅವಳ ಸಂಶೋಧನೆ. ಬ್ಯಾಗು ತುಂಬ ಸಣ್ಣ ಕನ್ನಡಿಗಳು, ಟಾರ್ಚು, ಕೈಗವಸು. “ಚಿಕ್ಕಪ್ಪ, ನಂಗೆ ಎಲೆ ಅಡಿಕೆ ತಿನ್ನೋರು ಬೇಕು. ಬರೋ ತಿಂಗಳು ಒಪ್ಪಿಸದಿದ್ರೆ ಒಂದು ವರ್ಷ ಹಾಳಾಗುತ್ತೆ. ನಂಗೆ ತುಳು ಬೇರೆ ಬರಲ್ಲ” ಎಂದಳು. ಎಲೆ ಅಡಿಕೆ ತಿನ್ನುವವರು ಬೇಕೆಂದು ದಾವಣಗೆರೆಯ ಹುಡುಗಿ ನಮ್ಮ ಮೂಡುಬಿದಿರೆಯಲ್ಲಿ ಅಂಗಲಾಚುವುದೆಂದರೆ, ಸಮುದ್ರದ ಬದಿಯಲ್ಲಿ ನಿಂತು ಉಪ್ಪುನೀರು ಎಲ್ಲಿ ಸಿಗುತ್ತದೆ ಎಂದು ಕೇಳಿದ ಹಾಗೆ. “ನಾನಿದ್ದೇನಲ್ಲ, ಪ್ರತಿ ಮನೆಯೂ ನನ್ನದೇ” ಎಂದೆ. ಆ ಕ್ಷಣದಲ್ಲಿ ನನಗೆ ನನ್ನ ಮೇಲೆ ಬಹಳ ಅಭಿಮಾನವಾಯಿತು.

ಮೊದಲು ಹೋದದ್ದು ವೇಣೂರಿನ ಲೋಕಯ್ಯಣ್ಣನ ಮನೆಗೆ. ಲೋಕಯ್ಯಣ್ಣ ನನ್ನ ಹಳೆಯ ಪಾಲಿಸಿದಾರ. ಅವರ ಬಾಯಿಯಲ್ಲಿ ಎಲೆ ಇಲ್ಲದ ಹೊತ್ತೆಂದರೆ ನಿದ್ದೆಯದ್ದು ಮಾತ್ರ, ಅದನ್ನೂ ಅವರ ಹೆಂಡತಿ ಗಿರಿಜಕ್ಕ ಒಪ್ಪುವುದಿಲ್ಲ. ನಾವು ಕುಳಿತೆವು, ಹರಿವಾಣ ಬಂತು, ಪದ್ಧತಿಯಂತೆ ನಾನೊಂದು ಹಾಕಿಕೊಂಡೆ. ಚಿಕ್ಕಮ್ಮನಿಗೆ ಹೇಳಬೇಡ ಎನ್ನುವುದನ್ನು ಕಣ್ಣಿನಲ್ಲೇ ಧನ್ಯಾಳಿಗೆ ತಿಳಿಸಿದೆ. ಅವಳು ಕಾಗದದಲ್ಲಿ ತಲೆ ಹುದುಗಿಸಿದ್ದಳು, ಕಂಡಳೋ ಇಲ್ಲವೋ. ನಿಮಗೆ ಎಲೆ ಅಡಿಕೆ ತಿನ್ನುವ ಅಭ್ಯಾಸ ಇದೆಯೇ ಎಂದು ಅವಳು ಕೇಳಿದ್ದೇ ತಡ, ಲೋಕಯ್ಯಣ್ಣ ಒಮ್ಮೆ ನನ್ನ ಮುಖ ನೋಡಿದರು. ಮತ್ತೆ ರಸ ಹೊರಗೆ ಬಾರದಂತೆ ಗಲ್ಲ ಮೇಲೆತ್ತಿ, ಶಾಲೆಯ ಕನ್ನಡದಲ್ಲಿ, “ಇಲ್ಲ ಮಗಾ. ನಾವು ಅಂಥ ಯಾವುದೇ ದುಶ್ಚಟಗಳಿಗೆ ಬಲಿಯಾಗಿಲ್ಲ” ಎಂದರು.

“ಬಾಯಿ ಕೆಂಪಗಿದೆಯಲ್ಲ?” ಎಂದಳು ಧನ್ಯಾ.

“ಇದು ಈಗ ನೀವು ಬಂದದ್ದಕ್ಕೆ. ಮನೆಗೆ ಬಂದವರು ತಿನ್ನುವಾಗ ನಾವು ಸುಮ್ಮನೆ ಕೂತರೆ ಮರ್ಯಾದೆ ಆಗ್ತದಾ?”

ಬಿಪಿ ಇಲ್ಲ. ಸಕ್ಕರೆ ಇಲ್ಲ. ಮಾತ್ರೆ ಎಂದರೆ ಏನೆಂದು ಗೊತ್ತಿಲ್ಲ. ಹೊರಡುವಾಗ ಗೇಟಿನ ತನಕ ಬಂದು ನನ್ನ ಕಿವಿಯಲ್ಲಿ, “ಏಜೆಂಟ್ರೆ, ಎಲ್ಲ ಸರಿಯಾಗಿ ಹೇಳಿದ್ದೇನಲ್ಲ? ಪಾಲಿಸಿಗೆ ಎಂತ ತೊಂದರೆ ಇಲ್ಲವಲ್ಲ?” ಎಂದರು. ಪಾಲಿಸಿಗೂ ಇದಕ್ಕೂ ಸಂಬಂಧ ಇಲ್ಲ ಎಂದು ಹೇಳಬೇಕಿತ್ತು. ಆದರೆ ಗಿರಾಕಿ ಅಷ್ಟು ನೆಮ್ಮದಿಯಿಂದ ಇರುವಾಗ ಎದುರು ಮಾತಾಡುವ ರೂಢಿ ನನಗಿಲ್ಲ.

ಮುಂದಿನ ಮನೆಗಳೂ ಹಾಗೆಯೇ. ಹೋದಲ್ಲೆಲ್ಲ ಹರಿವಾಣ, ಕೇಳಿದಲ್ಲೆಲ್ಲ ಇಲ್ಲ. ಸುಣ್ಣದ ಡಬ್ಬಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡವರೂ ಇಲ್ಲ ಎಂದರು. ಒಬ್ಬರಂತೂ ಮಾತು ತಪ್ಪಿಸಲು ಫಲ್ಗುಣಿ ನದಿಯ ಸಂರಕ್ಷಣೆಯ ಬಗ್ಗೆ ಭಾಷಣವನ್ನೇ ಮಾಡಿದರು. ಅದು ಅವರಿಗೆ ಬಾಯಿಪಾಠ. ಹಿಂದೊಮ್ಮೆ ನದಿ ಉಳಿಸುವ ಸಭೆಯಲ್ಲಿ, ಸರಕಾರದ ನೀತಿ ಹೀಗಿರಬೇಕು, ಪರಿಸರ ಕಾಯಿದೆ ಹಾಗಿರಬೇಕು ಎಂದು ಅವರು ಮಾತಾಡಿದ್ದನ್ನು ನಾನೂ ಕೇಳಿ ಚಪ್ಪಾಳೆ ತಟ್ಟಿದ್ದೆ. ಸಭೆ ಮುಗಿದ ಮೇಲೆ ಸೇತುವೆಯ ಮೇಲೆ ಸಾಲಾಗಿ ನಿಂತು, ಭಾಷಣ ಮಾಡಿದವರು, ಕೇಳಿದವರು ಎಲ್ಲರೂ ಬಾಯಿಯಲ್ಲಿದ್ದುದನ್ನು ಅದೇ ನದಿಗೆ ಉಗಿದೆವು. ಈಗ ಅವರೂ ಧನ್ಯಾಳ ಎದುರು ಇಲ್ಲ ಎಂದು ಕೈ ಜೋಡಿಸಿದರು. ಪ್ರತಿಯೊಬ್ಬರೂ ಉತ್ತರಿಸುವ ಮೊದಲು ನನ್ನ ಮುಖ ನೋಡುತ್ತಿದ್ದರು. ಅದು ನನ್ನ ಮೇಲಿನ ಪ್ರೀತಿ ಎಂದುಕೊಂಡಿದ್ದೆ.

ಉತ್ತರಗಳನ್ನೆಲ್ಲ ನೋಡಿದ ಅವಳ ಪ್ರೊಫೆಸರರು ಫೋನಿನಲ್ಲಿ ಬಿಡಿಸಿ ಕೇಳಿದರಂತೆ: “ನೀನು ಹೋಗಿದ್ದು ವೇಣೂರಿಗೋ, ಯಾವುದಾದರೂ ಆಶ್ರಮಕ್ಕೋ?” ಧನ್ಯಾ ಊಟದ ತಟ್ಟೆಯ ಮುಂದೆ ಕುಳಿತು ಅತ್ತಳು. ಮತ್ತೆ ಮೊದಲಿನಿಂದ ಮಾಡಬೇಕು, ದಿನಗಳಿಲ್ಲ ಎಂದಳು. ನನಗೆ ನಿಜವಾಗಿ ಸಂಕಟವಾಯಿತು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು, ಅದನ್ನು ಹೇಳುವ ಹಾಗಿರಲಿಲ್ಲ. ಅವಳು ಎಲ್ಲರಿಗೂ ಮಾಡಿಸುತ್ತಿದ್ದ ಪರೀಕ್ಷೆ ಬಹಳ ಸುಲಭದ್ದು. ನಮ್ಮದೇ ಮೂರು ಬೆರಳು ಜೋಡಿಸಿ, ನೆಟ್ಟಗೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಇಡಬೇಕು. ಹೋಗದಿದ್ದರೆ ಕೆನ್ನೆಯ ಒಳಭಾಗ ಗಟ್ಟಿಯಾಗುತ್ತಾ ಬಂದಿದೆ ಎಂದು ಅರ್ಥ. ಅದನ್ನು ಹಾಗೇ ಬಿಟ್ಟರೆ ಕೆಲವರಿಗೆ ಮುಂದೆ ಕೆಟ್ಟ ರೋಗವೇ ಆದೀತು. ನಾನು ಬಚ್ಚಲುಮನೆಯ ಚಿಲಕ ಹಾಕಿ ಕನ್ನಡಿಯ ಮುಂದೆ ಇಟ್ಟು ನೋಡಿದೆ. ಎರಡು ಹೋಯಿತು. ಮೂರನೆಯದು ಹೋಗಲಿಲ್ಲ. ನನ್ನ ಬೆರಳು ದಪ್ಪ ಎಂದು ಮೂರನೆಯದಕ್ಕೆ ಕಿರುಬೆರಳು ಸೇರಿಸಿ ಇನ್ನೊಮ್ಮೆ ಪ್ರಯತ್ನಿಸಿದೆ. ಆಗಲೂ ಇಲ್ಲ. ವಾರಿಜಳ ದೊಡ್ಡಪ್ಪನ ಮಗನ ಬ್ಯಾಂಡೇಜು ಕಟ್ಟಿದ ಮುಖ ನೆನಪಾಯಿತು. ಹೆದರಿದ್ದೆ ಎಂದು ಹೇಳಲು ಈಗ ನಾಚಿಕೆಯಿಲ್ಲ.

ಮರುದಿನ ಬೆಳಿಗ್ಗೆ ವಾರಿಜ ಸೀರೆಯುಟ್ಟು ತಯಾರಾಗಿ ನಿಂತಿದ್ದಳು. “ನೀವು ಮನೆಯಲ್ಲಿರಿ. ಇವತ್ತು ನಾನು ಹೋಗ್ತೇನೆ ಇವಳೊಟ್ಟಿಗೆ. ರಿಕ್ಷಾದಲ್ಲಿ ಹೋಗುವ ಮಗಾ” ಎಂದಳು. ನಾನು ಅಡ್ಡಿ ಮಾಡಿದೆ. ದಾರಿ ಗೊತ್ತಿಲ್ಲ, ನಾಯಿಗಳುಂಟು, ಬಿಸಿಲು ಎಂದೆಲ್ಲ ಹೇಳಿದೆ. “ನೀವು ಎದುರಿಗೆ ಕೂತರೆ ಯಾರು ಮಾರಾಯ್ರೆ ನಿಜ ಹೇಳುವುದು?” ಎಂದು ಅವಳು ಚಪ್ಪಲಿ ಮೆಟ್ಟಿದಳು. ಇಷ್ಟು ದೊಡ್ಡ ಸಂಶೋಧನೆಯ ಮುಖ್ಯ ದೋಷವನ್ನು ಒಂದು ವಾಕ್ಯದಲ್ಲಿ ಕಂಡುಹಿಡಿದಳು. ಆ ದಿನ ನಾನು ಎಲ್ಲಿಗೂ ಹೋಗಲಿಲ್ಲ. ಗೇಟಿನ ಸದ್ದು ಕೇಳಿದಾಗಲೆಲ್ಲ ಎದ್ದು ಎದ್ದು ನೋಡಿದೆ.

ಸಂಜೆ ಇಬ್ಬರೂ ನಗುತ್ತಾ ಬಂದರು. ಹೋದಲ್ಲೆಲ್ಲ ಅಡುಗೆಮನೆಯಲ್ಲೇ ಕುಳಿತರಂತೆ, ಜನ ಬಾಯಿ ತುಂಬ ಮಾತಾಡಿದರಂತೆ. ಗಿರಿಜಕ್ಕ ಅಕ್ಕಿ ಡಬ್ಬಿಯ ಒಳಗಿನಿಂದ ಗಂಡನ ಮಾತ್ರೆಗಳನ್ನೆಲ್ಲ ತೆಗೆದು ನೆಲದ ಮೇಲೆ ಹರಡಿದರಂತೆ. ಬಿಪಿ ಮಾತ್ರೆಯಿಂದ ವಸಡು ಊದಿಕೊಂಡ ಒಬ್ಬರು ಸಿಕ್ಕರಂತೆ, ಧನ್ಯಾಳಿಗೆ ನಿಧಿ ಸಿಕ್ಕಿದಷ್ಟು ಖುಷಿ. ಎಲ್ಲ ಕೇಳಿ ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ವಾರಿಜ ನಗು ನಿಲ್ಲಿಸಿದಳು.

“ಹೋದ ಮನೆಯಲ್ಲೆಲ್ಲ ಒಂದೇ ಮಾತು. ಏಜೆಂಟ್ರು ಬರಲಿಲ್ಲವಾ, ಅವರಿಗೆ ಎಂದು ಎಳೆಯ ಎಲೆ ತೆಗೆದಿಟ್ಟಿದ್ದೆವು ಅಂತ.” ಸೆರಗಿನ ಗಂಟು ಬಿಚ್ಚಿ, ಯಾರೋ ಪ್ರೀತಿಯಿಂದ ಕಟ್ಟಿಕೊಟ್ಟ ಎಲೆಗಳನ್ನು ಮೇಜಿನ ಮೇಲಿಟ್ಟಳು. “ಬಂದವರು ತಿನ್ನುವಾಗ ಜೊತೆಗೆ ತಿನ್ನುವುದು ಅಂತಾರೆ. ಬರುವವರು ಯಾರು ಕೇಳಿದರೆ, ನೀವೇ.”

ಧನ್ಯಾ ಕಾಗದಗಳನ್ನು ನೋಡುತ್ತಾ ಮೆಲ್ಲನೆ, “ಹೌದು ಚಿಕ್ಕಪ್ಪ. ಸುಮಾರು ಜನ ಹಾಗೇ ಹೇಳಿದ್ದಾರೆ” ಎಂದಳು. ಮಲೇರಿಯಾಕ್ಕೆ ಸೊಳ್ಳೆ ಹೇಗೋ ಹಾಗೆ, ತೋಡಾರಿನಿಂದ ವೇಣೂರಿನವರೆಗಿನ ಎಲೆ ಅಡಿಕೆಗೆ ನಾನು. ವಾರಿಜ ಬಯ್ಯುತ್ತಾಳೆಂದು ಕಾದೆ. ಅವಳು ಬಯ್ಯಲಿಲ್ಲ. ಟಾರ್ಚನ್ನು ಎತ್ತಿಕೊಂಡು, “ಮೊದಲು ಇವರ ಬಾಯಿ ನೋಡು ಮಗಾ” ಎಂದಳು. ನಾನು ತೆರೆದೆ. ತೆರೆದದ್ದು ಅಷ್ಟೇ. ಧನ್ಯಾ ಇನ್ನೂ ದೊಡ್ಡದು ಎಂದಳು, ಮತ್ತೂ ದೊಡ್ಡದು ಎಂದಳು, ಆಮೇಲೆ ನಾಳೆಯೇ ಆಸ್ಪತ್ರೆಗೆ ಹೋಗಬೇಕು ಎಂದಳು. ನಾನು ಬಾಯಿ ಮುಚ್ಚಿದ ಮೇಲೂ ಟಾರ್ಚಿನ ಬೆಳಕು ನನ್ನ ಮುಖದ ಮೇಲೆಯೇ ಇತ್ತು. ಹಿಡಿದ ಕೈ ವಾರಿಜಳದ್ದು.

ಆಸ್ಪತ್ರೆಯಲ್ಲಿ ಕೆನ್ನೆಯ ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕದ ದಿನಗಳನ್ನು ತಮಾಷೆ ಮಾಡಿ ಬರೆಯಲು ನನಗೆ ಬರುವುದಿಲ್ಲ. ವಾರಿಜ ಸಾರಿಗೆ ಮೆಣಸೇ ಹಾಕಲಿಲ್ಲ, ಮದುವೆ ಕರೆಯಲು ಬಂದವರ ಎದುರು ನನ್ನನ್ನು ಹೊಗಳಲೂ ಇಲ್ಲ. ಕೊನೆಗೆ ಡಾಕ್ಟರು, ಹೆದರಿದ ರೋಗ ಇಲ್ಲ, ಆದರೆ ಇನ್ನೊಂದು ಹೋಳು ಅಡಿಕೆ ಬಾಯಿಗೆ ಹೋದರೆ ಮುಂದಿನ ಜವಾಬ್ದಾರಿ ತಮ್ಮದಲ್ಲ ಎಂದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ವಾರಿಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ಧೂಳು ಎಂದಳು. ನಮ್ಮಲ್ಲಿ ಕಾಯಿಲೆಯ ಹಾಗೆ ಕಣ್ಣೀರಿಗೂ ಇಲ್ಲ ಎನ್ನುವ ಅಭ್ಯಾಸವೇ. ಈಗ ಹೋದ ಮನೆಗಳಲ್ಲಿ ನಾನು ಹರಿವಾಣಕ್ಕೆ ಕೈ ಮುಗಿಯುತ್ತೇನೆ. ಜನ ನನ್ನನ್ನು ಅನುಕಂಪದಿಂದ ನೋಡಿ, ಆರೋಗ್ಯ ವಿಮೆ ಮಾಡಿಸಿಕೊಳ್ಳುತ್ತಾರೆ. ನನ್ನ ಬಾಯಿ ಇಷ್ಟು ವರ್ಷ ಆಡಿದ ಮಾತಿನಿಂದ ಆಗದ ವ್ಯಾಪಾರ, ಅದು ತೆರೆಯದೆ ಹೋದದ್ದರಿಂದ ಆಗುತ್ತಿದೆ.

ಇಂಜೆಕ್ಷನ್ನು, ಮಾತ್ರೆಗಳ ಜೊತೆಗೆ ಒಂದು ವ್ಯಾಯಾಮವನ್ನೂ ಹೇಳಿದ್ದಾರೆ. ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಅರ್ಧ ಗಂಟೆ ಕೂರಬೇಕು. ಬಾಯಿ ಹಿಗ್ಗಿದಂತೆಲ್ಲ ಕಡ್ಡಿ ಹೆಚ್ಚಿಸಬೇಕು. ಆ ಅರ್ಧ ಗಂಟೆ ನಾನು ಮಾತಾಡುವ ಹಾಗಿಲ್ಲ ಎಂಬುದನ್ನು ವಾರಿಜ ಮೊದಲ ದಿನವೇ ಗಮನಿಸಿದಳು. ಎರಡನೆಯ ದಿನ ಕುರ್ಚಿ ತಂದು ಎದುರು ಕುಳಿತಳು. ಮದುವೆಯಾದ ಹೊಸತರಲ್ಲಿ ಅವಳ ತಮ್ಮನಿಗೆ ನಾನು ಅಂದದ್ದು, ಗೃಹಪ್ರವೇಶಕ್ಕೆ ಕರೆಯಲು ಮರೆತವರು, ಬದಲಿಸಿದ ಮೆಣಸಿನಂಗಡಿ, ಎಲ್ಲವೂ ಕ್ರಮವಾಗಿ ಬರುತ್ತಿವೆ. ನನಗೆ ತಲೆಯಾಡಿಸುವ ಸ್ವಾತಂತ್ರ್ಯ ಮಾತ್ರ ಉಂಟು, ಅದೂ ಮೇಲೆ ಕೆಳಗೆ. ಅಡ್ಡ ಆಡಿಸಿದರೆ ಕಡ್ಡಿ ಬೀಳುತ್ತದೆ. ಅರ್ಧ ಗಂಟೆ ಮುಗಿಯುತ್ತಾ ಬಂದಾಗ ಅವಳು ಹತ್ತಿರ ಬಂದು ನನ್ನ ಬಾಯಿಯನ್ನು ಪರೀಕ್ಷಿಸಿ, “ಇನ್ನೊಂದು ಕಡ್ಡಿ ಹಾಕುವ” ಎನ್ನುತ್ತಾಳೆ.

ನಿನ್ನೆ ಧನ್ಯಾ ವಿಡಿಯೋ ಕಾಲ್ ಮಾಡಿದ್ದಳು. ಅವಳ ಸಂಶೋಧನೆ ಒಪ್ಪಿಗೆಯಾಗಿದೆ. ನನ್ನ ಬಾಯಿ ನೋಡಿ, ಮೂರು ಬೆರಳಿಗೆ ಇನ್ನು ಸ್ವಲ್ಪವೇ ಬಾಕಿ, ಬಹಳ ಒಳ್ಳೆಯ ಪ್ರಗತಿ ಎಂದಳು. ವಾರಿಜಳ ಮುಖ ಯಾಕೋ ಬಾಡಿತು. ಫೋನನ್ನು ತನ್ನ ಕಡೆ ತಿರುಗಿಸಿಕೊಂಡು, “ಅಲ್ಲ ಮಗಾ, ಪೂರ್ತಿ ಸರಿಯಾದ ಮೇಲೂ ಈ ಕಡ್ಡಿ ಇಟ್ಟುಕೊಂಡರೆ ಸೈಡ್ ಎಫೆಕ್ಟ್ ಏನಾದರೂ ಉಂಟಾ?” ಎಂದು ಕೇಳಿದಳು.

“ಏನೂ ಇಲ್ಲ ಚಿಕ್ಕಮ್ಮ. ಎಷ್ಟು ವರ್ಷ ಬೇಕಾದ್ರೂ ಮಾಡಬಹುದು.”

ವೈದ್ಯಶಾಸ್ತ್ರದ ಈ ಅಭಿಪ್ರಾಯಕ್ಕೆ ನನ್ನದೊಂದು ಗಂಭೀರ ಆಕ್ಷೇಪವಿತ್ತು. ಆದರೆ ಬಾಯಲ್ಲಿ ಕಡ್ಡಿಗಳಿದ್ದವು.