ಸೀಲು ಬೀಳದ ಕಾಗದ

ಲಕೋಟೆ ಒಡೆದರೆ ಒಂದು ತಮಾಷೆ, ಅಂಟಿಸಿದರೆ ಇನ್ನೊಂದು. ಸರಕಾರಿ ಕಚೇರಿಯಲ್ಲಿ ಟಪಾಲು ನೋಡುವವರ ಹಣೆಬರಹವೇ ಅದು. ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ, ಒಂದು ವಾರವೂ ಸುಮ್ಮನೆ ಕಳೆದದ್ದಿಲ್ಲ. ಯಾವ ಇಲಾಖೆ ಎಂದು ಮಾತ್ರ ಕೇಳಬೇಡಿ. ಹೇಳಿದರೆ ನನಗೆ ನೋಟಿಸು ಬರುತ್ತದೆ, ಅದಕ್ಕೆ ಸೀಲು ಹೊಡೆಯಬೇಕಾದವಳೂ ನಾನೇ.

ನನ್ನ ಕೆಲಸ ಇಷ್ಟೇ. ಬಂದ ಕಾಗದಕ್ಕೆ ತಾರೀಕಿನ ಸೀಲು ಹೊಡೆದು, ರಿಜಿಸ್ಟರಿನಲ್ಲಿ ನಂಬರು ಹಾಕಿ, ಸಾಹೇಬರ ಮೇಜಿಗೆ ಇಡುವುದು. ಹೋಗುವ ಕಾಗದಕ್ಕೂ ಒಂದು ನಂಬರು ಹಾಕಿ, ಲಕೋಟೆಗೆ ತುರುಕಿ, ಅಂಚೆಗೆ ಕಳಿಸುವುದು. ಈ ಘನಕಾರ್ಯಕ್ಕೆ ನಾನು ಅಜ್ಜಾವರದ ಮನೆಯಿಂದ ಸುಳ್ಯಕ್ಕೆ ಒಂದು ಬಸ್ಸು, ಸುಳ್ಯದಿಂದ ಪಂಜಕ್ಕೆ ಇನ್ನೊಂದು, ಪಂಜದಿಂದ ಕಡಬಕ್ಕೆ ಮತ್ತೊಂದು ಹಿಡಿಯಬೇಕಿತ್ತು. ಸಂಜೆ ಅದೇ ಮೂರು, ತಿರುಗಿ. ಹೀಗೆ ಏಳು ವರ್ಷ. ಮೊಣಕಾಲು ಎರಡೂ ಮುಷ್ಕರ ಹೂಡಿದ್ದವು. ನಮ್ಮದೇ ಇಲಾಖೆಯ ಸುಳ್ಯ ಕಚೇರಿ ನನ್ನ ಮನೆಯಿಂದ ಒಂದೇ ಬಸ್ಸಿನ ದಾರಿ. ಅಲ್ಲಿಗೊಂದು ವರ್ಗಾವಣೆ ಸಿಕ್ಕಿದರೆ ಸಾಕು ದೇವರೇ, ಬೇರೆ ಏನೂ ಬೇಡ ಎಂದು ಬೇಡಿಕೊಳ್ಳದ ದಿನವಿಲ್ಲ. ಆ ವರ್ಗಾವಣೆಯ ಕಥೆಗೆ ಬರುವ ಮೊದಲು ಕಡಬದ ಕಚೇರಿಯ ನಡಾವಳಿ ನಿಮಗೆ ಸ್ವಲ್ಪ ಗೊತ್ತಾಗಬೇಕು.

ಒಣಗಿದ ಪ್ಯಾಡು

ಹೊಲಿಗೆ ಯಂತ್ರಕ್ಕೆ ಅರ್ಜಿ ಕರೆದಿದ್ದ ಸಮಯ. ಕೊನೆಯ ದಿನ ಶುಕ್ರವಾರ. ಅವತ್ತು ನಾನು ಮೊಣಕಾಲು ತೋರಿಸಲು ಪುತ್ತೂರಿನ ಡಾಕ್ಟರ ಹತ್ತಿರ ಹೋಗಿದ್ದೆ. ಪಂಜದ ಕಡೆಯ ಒಬ್ಬಳು ಹೆಂಗಸು ಮಧ್ಯಾಹ್ನವೇ ಬಂದು ಅರ್ಜಿ ಕೊಟ್ಟಿದ್ದಾಳೆ. ನಮ್ಮ ಅಟೆಂಡರ್ ಅದನ್ನು ತೆಗೆದುಕೊಂಡಿದ್ದಾನೆ, ಆದರೆ ಸೀಲಿನ ಪ್ಯಾಡು ಒಣಗಿತ್ತು. "ಸೋಮವಾರ ಮೇಡಂ ಬಂದು ಹಾಕ್ತಾರೆ" ಅಂತ ಮೇಜಿನ ಗಾಜಿನ ಅಡಿಗೆ ಇಟ್ಟುಬಿಟ್ಟ. ನಾನು ಸೋಮವಾರ ಶಾಯಿ ತಂದು, ಪ್ಯಾಡು ತೇವ ಮಾಡಿ, ಇದ್ದದ್ದಕ್ಕೆಲ್ಲ ಟಪಟಪ ಅಂತ ಸೀಲು ಹೊಡೆದೆ. ಸೋಮವಾರದ ತಾರೀಕಿನ ಸೀಲು.

ಸಾಹೇಬರು ಅರ್ಜಿ ನೋಡಿದವರೇ ಕೆಂಪು ಶಾಯಿಯಲ್ಲಿ 'ತಡ, ತಿರಸ್ಕರಿಸಿದೆ' ಎಂದು ಬರೆದರು. ಅಟೆಂಡರನ್ನು ಕರೆದು ಸಾಕ್ಷಿ ಹೇಳಿಸಿ, ನಾನೇ ಕೇಳಿದೆ, "ಸರ್, ಕಾಗದ ಶುಕ್ರವಾರವೇ ಬಂದದ್ದು. ಪ್ಯಾಡು ಒಣಗಿದ್ದು ಅವಳ ತಪ್ಪಾ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ದೊಡ್ಡ ಮಾತು ಆಡುವ ಮೊದಲು ಅವರು ಯಾವಾಗಲೂ ಕನ್ನಡಕ ಒರೆಸುತ್ತಾರೆ. "ನೋಡಿ ಮೇಡಂ, ಸೀಲು ಬೀಳದ ಕಾಗದ ನಮ್ಮ ಪಾಲಿಗೆ ಬಂದದ್ದೇ ಅಲ್ಲ. ಸೀಲು ಯಾವತ್ತು ಬಿತ್ತೋ ಅವತ್ತೇ ಅದು ಬಂದದ್ದು. ಇದು ಇಡೀ ಇಲಾಖೆಗೆ ಒಂದೇ ಕಾನೂನು."

ಮರುವಾರ ಆ ಹೆಂಗಸು ಬಂದಳು. ವಿಷಯ ಹೇಳುವಾಗ ನನಗೇ ನಾಚಿಕೆಯಾಯಿತು. ಅವಳು ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. ಮೇಜಿನ ಮೇಲೆ ಕೈ ಚಾಚಿ ಹೇಳಿದಳು, "ಹಾಗಾದ್ರೆ ಅಕ್ಕ, ಈ ಕೈಗೂ ಒಂದು ಸೀಲು ಹಾಕಿ. ನಾನು ಇವತ್ತು ಬಂದದ್ದಾದ್ರೂ ನಿಜ ಅಂತ ಆಗಲಿ."

ಮೋರಿಯವರ ಲಕೋಟೆ

ಕಡಬದ ಕಚೇರಿಯಲ್ಲಿ ಮೊದಲ ಪತ್ರಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಅದು ಬಂದದ್ದು ಸುಮ್ಮನೆ ಪರಿಚಯಕ್ಕೆ ಅಂತ ಲೆಕ್ಕ. ಆಮೇಲೆ ಒಂದನೇ ನೆನಪೋಲೆ ಬರುತ್ತದೆ, ಅದನ್ನು ಕಡತಕ್ಕೆ ಸೇರಿಸುತ್ತಾರೆ. ಎರಡನೇ ನೆನಪೋಲೆಗೆ ಸಾಹೇಬರು "ಹೌದಾ?" ಅನ್ನುತ್ತಾರೆ. ಮೂರನೇ ನೆನಪೋಲೆ ಬಂದರೆ ಮಾತ್ರ ಕಚೇರಿಯಲ್ಲಿ ಕುರ್ಚಿ ಸರಿಯುವ ಸದ್ದು ಕೇಳುತ್ತದೆ.

ಆಲೆಟ್ಟಿಯ ಒಬ್ಬರು ಹಿರಿಯರು. ಹೆಂಡತಿಯ ಹೆಸರಿನಲ್ಲಿ ಕಡಬದ ಹತ್ತಿರ ಒಂದು ಮನೆ ಉಂಟು, ಅದರ ಎದುರಿನ ಮೋರಿ ಕುಸಿದಿತ್ತು. ಅರ್ಜಿ ಎಲ್ಲಿ ಕೊಡಬೇಕು ಅಂತ ಕೇಳಲು ಬಂದವರು, ಕೆಲಸ ಎಷ್ಟು ದಿನದಲ್ಲಿ ಆಗ್ತದೆ ಅಂತಲೂ ಕೇಳಿದರು. ನಾನು ಅವತ್ತು ಮೂರನೇ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ, ತಲೆ ಕೆಟ್ಟಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, "ಮೂರನೇ ನೆನಪೋಲೆ ಬಂದ ಮೇಲೆ ಮಾರಾಯ್ರೆ."

"ಹಾಗಾ? ಅದು ಮೊದಲೇ ಹೇಳುದಲ್ವಾ" ಅಂದು ಹೋದರು.

ನಾಲ್ಕು ದಿನದಲ್ಲಿ ಒಂದು ದಪ್ಪ ಲಕೋಟೆ ಬಂತು. ಒಡೆದೆ. ಒಳಗೆ ಅರ್ಜಿ, ಅದಕ್ಕೆ ಒಂದನೇ ನೆನಪೋಲೆ, ಎರಡನೆಯದು, ಮೂರನೆಯದು, ನಾಲ್ಕೂ ಒಟ್ಟಿಗೆ ಪಿನ್ನು ಹೊಡೆದು. ಮೂರನೆಯದರಲ್ಲಿ 'ಇಷ್ಟು ಸಲ ಬರೆದರೂ ತಾವು ಕಣ್ಣು ತೆರೆಯದಿರುವುದು ವಿಷಾದನೀಯ' ಅಂತ ಬೇರೆ. ತಾರೀಕಿನ ಜಾಗ ನಾಲ್ಕರಲ್ಲೂ ಖಾಲಿ. ಜೊತೆಗೆ ಒಂದು ಚೀಟಿ: 'ದಿನಾಂಕವನ್ನು ತಮ್ಮ ಅನುಕೂಲ ನೋಡಿ ಹಾಕಿಕೊಳ್ಳಬೇಕಾಗಿ ವಿನಂತಿ.'

ನಾನು ನಗು ತಡೆದುಕೊಂಡು ಹಾಗೆಯೇ ಒಳಗೆ ಇಟ್ಟೆ. ಸಾಹೇಬರು ಮೇಲಿದ್ದ ಮೂರನೇ ನೆನಪೋಲೆ ಓದಿ ಬೆವತುಹೋದರು. "ಇಷ್ಟು ದಿನ ಇದನ್ನು ಯಾಕೆ ಒತ್ತಿಟ್ಟುಕೊಂಡಿದ್ದೀರಿ? ಮಾನ ಹೋಗ್ತದೆ!" ಅಂತ ನನಗೇ ಬೈದರು. ಆ ವರ್ಷ ನಮ್ಮ ಕಚೇರಿಯಿಂದ ಹೇಳಿದ ಸಮಯಕ್ಕೆ ರಿಪೇರಿಯಾದದ್ದು ಅದೊಂದೇ ಮೋರಿ.

ಮಹಡಿ ಇಳಿಯದ ಪತ್ರ

ನಮ್ಮ ಕಚೇರಿ ಮೇಲಿನ ಮಹಡಿಯಲ್ಲಿ. ಕೆಳಗೆ ಬೇರೆ ಇಲಾಖೆಯ ಕಚೇರಿ. ಇಬ್ಬರಿಗೂ ನೀರಿನ ಟ್ಯಾಂಕು ಒಂದೇ, ಪಂಪಿನ ಸ್ವಿಚ್ಚು ಮಾತ್ರ ಕೆಳಗಿನವರ ಕೋಣೆಯಲ್ಲಿ. ಒಂದು ದಿನ ಬೆಳಗ್ಗೆ ಟ್ಯಾಂಕು ತುಂಬಿ ಗೋಡೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿದೆ.

"ನಾನು ಹೋಗಿ ಸ್ವಿಚ್ಚು ಆಫ್ ಮಾಡಿ ಬರ್ತೇನೆ" ಅಂತ ಅಟೆಂಡರ್ ಹೊರಟ.

"ನಿಲ್ಲಿ" ಅಂದರು ಸಾಹೇಬರು. ಕನ್ನಡಕ ಒರೆಸಿದರು. "ಬಾಯಿಮಾತಿಗೆ ದಾಖಲೆ ಇಲ್ಲ. ಮೇಡಂ, ಪತ್ರ ಹೋಗಲಿ, ರಿಜಿಸ್ಟರ್ಡ್ ಅಂಚೆಯಲ್ಲಿ."

ಪತ್ರ ಹೋಯಿತು. ಇಪ್ಪತ್ತು ಮೆಟ್ಟಿಲು ಇಳಿಯಬೇಕಾದ ಕಾಗದ ಅಂಚೆಯವರ ಚೀಲ ಹತ್ತಿ ಎಲ್ಲೆಲ್ಲಿ ತಿರುಗಿತೋ. ಈ ಮಧ್ಯೆ ಕೆಳಗಿನ ಸಾಹೇಬರು ದಿನಾ ನಾಲ್ಕು ಗಂಟೆಗೆ ಮೇಲೆ ಬಂದು ನಮ್ಮ ಸಾಹೇಬರ ಜೊತೆ ಚಹಾ ಕುಡಿದರು, ಗೋಳಿಬಜೆ ತಿಂದರು, ಅಳಿಯನ ವಿಷಯ ಮಾತಾಡಿದರು. ಪಂಪಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಒಂದು ಸಲ ಮಾತ್ರ ಅವರು ಕಿಟಕಿಯಿಂದ ಆಚೆ ನೋಡಿ, "ಎಂತ ನೀರು ಮಾರಾಯ್ರೆ!" ಅಂದರು. ನಮ್ಮವರು, "ಬರೆದಿದ್ದೇವೆ, ಬರ್ತಾ ಉಂಟು" ಅಂದರು.

ಹತ್ತು ದಿನಕ್ಕೆ ಉತ್ತರ ಬಂತು, ಅದೂ ರಿಜಿಸ್ಟರ್ಡ್. ನಾನೇ ಸೀಲು ಹೊಡೆದು ಓದಿದೆ: 'ಸದರಿ ಪಂಪು ಈಗಾಗಲೇ ಸುಟ್ಟುಹೋಗಿರುವುದರಿಂದ ಅದನ್ನು ನಿಲ್ಲಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.'

ನನ್ನ ಬಗ್ಗೆ ನನ್ನ ವರದಿ

ಇನ್ನು ನನ್ನ ಅರ್ಜಿ. ಸುಳ್ಯಕ್ಕೆ ವರ್ಗಾವಣೆ ಬೇಕು ಎಂದು ಬರೆದು, ಡಾಕ್ಟರ ಚೀಟಿ ಲಗತ್ತಿಸಿ, ನಾನೇ ಸೀಲು ಹೊಡೆದು, ನಂಬರು ಹಾಕಿ ಸಾಹೇಬರ ಮುಂದಿಟ್ಟೆ. ಅವರು ತಲೆ ಎತ್ತದೆ ಅಂಚಿನಲ್ಲಿ ಬರೆದರು: 'ಟಪಾಲು ಗುಮಾಸ್ತರು ಈ ನೌಕರರ ಬಗ್ಗೆ ವರದಿ ಮಂಡಿಸುವುದು.' ಟಪಾಲು ಗುಮಾಸ್ತೆ ಎಂದರೆ ನಾನೇ.

ಬಿಡುವುದುಂಟಾ? ಕೂತು ಬರೆದೆ. 'ಸದರಿ ನೌಕರರು ಪ್ರಾಮಾಣಿಕರು, ಶ್ರಮಜೀವಿಗಳು, ಸಮಯಪಾಲನೆಯುಳ್ಳವರು.'

ಸಾಹೇಬರು ಕೊನೆಯ ಮಾತನ್ನು ಹೊಡೆದು ಹಾಕಿದರು. "ನೀವು ದಿನಾ ಹತ್ತು ನಿಮಿಷ ಲೇಟು."

"ಮೂರು ಬಸ್ಸು ಹಿಡಿಯಬೇಕು ಸರ್. ಅದಕ್ಕೇ ಅಲ್ವಾ ವರ್ಗಾವಣೆ ಕೇಳುದು?"

"ಲೇಟಾಗಿ ಬರುವವರನ್ನು ನಾನು ಹೇಗೆ ಶಿಫಾರಸು ಮಾಡುದು? ಒಂದು ತಿಂಗಳು ಸರಿಯಾದ ಸಮಯಕ್ಕೆ ಬಂದು ತೋರಿಸಿ. ಆಗ ನಿಮಗೆ ವರ್ಗಾವಣೆ ಯಾಕೆ ಬೇಕು ಅಂತ ನೋಡುವ."

ಮೈಯೆಲ್ಲ ಉರಿದುಹೋಯಿತು. ಆಚೆ ಬಂದು ಅರ್ಜಿಗೆ ಒಂದನೇ ನೆನಪೋಲೆ ಬರೆದೆ. ಎರಡನೆಯದನ್ನೂ ಬರೆದೆ. ಮೂರನೆಯದಕ್ಕೆ ನಮ್ಮ ಸಾಹೇಬರು ಬೆವತು, ಅರ್ಜಿಯನ್ನು ಪುತ್ತೂರಿನ ಮೇಲಿನ ಕಚೇರಿಗೆ ಕಳಿಸಿದರು.

ಖಾಲಿ ಉಂಟಾ?

ಪುತ್ತೂರಿನವರು ಸುಳ್ಯಕ್ಕೆ ಒಂದು ಪತ್ರ ಬರೆದರು: 'ತಮ್ಮಲ್ಲಿ ಟಪಾಲು ಗುಮಾಸ್ತರ ಹುದ್ದೆ ಖಾಲಿ ಇದೆಯೇ, ತಿಳಿಸುವುದು.' ಅದರ ಪ್ರತಿ ನಮಗೂ ಬಂತು. ಸುಳ್ಯದಿಂದ ಉತ್ತರ ಇಲ್ಲ. ಒಂದನೇ ನೆನಪೋಲೆ ಹೋಯಿತು, ಉತ್ತರ ಇಲ್ಲ. ಎರಡನೆಯದು ಹೋಯಿತು, ಇಲ್ಲ. ಒಂದೂವರೆ ವರ್ಷ ಕಳೆಯಿತು, ನನ್ನ ಮೊಣಕಾಲಿಗೆ ಪಟ್ಟಿ ಬಂತು. ಸುಳ್ಯದವರಿಗೆ ನಾನು ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಮೂರನೇ ನೆನಪೋಲೆಯಲ್ಲಿ ಪುತ್ತೂರಿನವರಿಗೂ ಸಿಟ್ಟು ಬಂದು, 'ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಖಾಲಿ ಎಂದೇ ಭಾವಿಸಲಾಗುವುದು' ಎಂದು ಬರೆದರು. ಉತ್ತರ ಬರಲಿಲ್ಲ. ಹದಿನಾರನೇ ದಿನ ನನ್ನ ವರ್ಗಾವಣೆಯ ಆದೇಶ ಬಂತು. ಅವತ್ತು ಕಡಬದ ಕಚೇರಿಗೆಲ್ಲ ನಾನೇ ಗೋಳಿಬಜೆ ತಿನ್ನಿಸಿದೆ.

ಸುಳ್ಯದಲ್ಲಿ ಮೊದಲ ದಿನ ನನ್ನ ಮೇಜಿನ ಅಡಿಯಲ್ಲಿ ಎರಡು ಗೋಣಿಚೀಲ. ಕಾಲು ಇಡಲು ಜಾಗವಿಲ್ಲ.

"ಇದು ಎಂತ ಮಾರಾಯ?" ಅಂತ ಅಲ್ಲಿನ ಅಟೆಂಡರನ್ನು ಕೇಳಿದೆ.

"ಟಪಾಲು ಅಕ್ಕ. ಟಪಾಲಿನವರ ಹುದ್ದೆ ಎರಡು ವರ್ಷದಿಂದ ಖಾಲಿ ಅಲ್ವಾ? ಒಡೆಯುವವರು ಯಾರು? ನಾನು ಬಂದದ್ದನ್ನೆಲ್ಲ ಜೋಪಾನವಾಗಿ ಚೀಲಕ್ಕೆ ಹಾಕಿಟ್ಟಿದ್ದೇನೆ."

ಚೀಲ ಸುರಿದೆ. ಸಿಕ್ಕಿತು. 'ಟಪಾಲು ಗುಮಾಸ್ತರ ಹುದ್ದೆ ಖಾಲಿ ಇದೆಯೇ?' ಎಂಬ ಪತ್ರ, ಅದರ ಹಿಂದೆ ಮೂರು ನೆನಪೋಲೆ, ನಾಲ್ಕೂ ಒಡೆಯದೆ. ಹುದ್ದೆ ಖಾಲಿ ಇದ್ದ ಕಾರಣ, ಖಾಲಿ ಇದೆಯೇ ಎಂದು ಕೇಳಿದ ಪತ್ರವನ್ನು ಒಡೆಯುವವರೇ ಇರಲಿಲ್ಲ. ಅದಕ್ಕೆ ನನಗೆ ಒಂದೂವರೆ ವರ್ಷದ ಬಸ್ಸು.

ಸುಳ್ಯದ ಸಾಹೇಬರು ಬಹಳ ಶಿಸ್ತಿನವರು. "ಬಾಕಿ ಟಪಾಲಿಗೆಲ್ಲ ಈ ವಾರವೇ ಉತ್ತರ ಹೋಗಬೇಕು" ಅಂದರು.

"ಸರ್, ಇದೊಂದು ನನ್ನದೇ. ನಾನು ಬಂದಾಯ್ತಲ್ಲ, ಇನ್ನು ಉತ್ತರ ಎಂತಕ್ಕೆ?"

"ಮೂರು ನೆನಪೋಲೆ ಬಂದದ್ದು ಉಂಟು, ಉತ್ತರ ಹೋಗಲೇಬೇಕು. ಇವತ್ತಿನ ಸ್ಥಿತಿ ಬರೆಯಿರಿ. ಹುದ್ದೆ ಇವತ್ತು ಖಾಲಿ ಉಂಟಾ?"

"ಇಲ್ಲ ಸರ್. ನಾನು ಕೂತಿದ್ದೇನೆ."

"ಹಾಗೇ ಬರೆಯಿರಿ."

'ಹುದ್ದೆ ಖಾಲಿ ಇರುವುದಿಲ್ಲ' ಎಂದು ಬರೆದು, ಸಹಿ ಹಾಕಿಸಿ, ನನ್ನ ಕೈಯಾರೆ ಲಕೋಟೆ ಅಂಟಿಸಿ ಕಳಿಸಿದೆ. ಬುದ್ಧಿ ಎಲ್ಲಿ ಹೋಗಿತ್ತೋ!

ಎರಡು ವಾರಕ್ಕೆ ಪುತ್ತೂರಿನ ಲಕೋಟೆ ಬಂತು. ಒಡೆದು ಓದಿದೆ. 'ಸುಳ್ಯದಲ್ಲಿ ಹುದ್ದೆ ಖಾಲಿ ಇಲ್ಲವೆಂದು ವರದಿಯಾಗಿರುವುದರಿಂದ ಸದರಿ ನೌಕರರ ವರ್ಗಾವಣೆಯನ್ನು ರದ್ದುಪಡಿಸಲಾಗಿದೆ. ಈ ಪತ್ರ ತಲುಪಿದ ದಿನವೇ ಅವರು ಕಡಬದಲ್ಲಿ ಹಾಜರಾಗತಕ್ಕದ್ದು.'

ಮೂರೂ ಬಸ್ಸು ಸಾಲಾಗಿ ಎದುರಿಗೆ ನಿಂತ ಹಾಗಾಯಿತು. ಆಮೇಲೆ ಪತ್ರವನ್ನು ಇನ್ನೊಮ್ಮೆ ಓದಿದೆ. ತಲುಪಿದ ದಿನವೇ. ಪಂಜದ ಆ ಹೆಂಗಸು ಕೈ ಚಾಚಿ ನಿಂತದ್ದು ನೆನಪಾಯಿತು, ಕಡಬದ ಸಾಹೇಬರು ಕನ್ನಡಕ ಒರೆಸಿದ್ದೂ ನೆನಪಾಯಿತು. ಇಡೀ ಇಲಾಖೆಗೆ ಒಂದೇ ಕಾನೂನು ಅಂತ ಅವರೇ ಹೇಳಿದ್ದಲ್ವಾ? ಪ್ಯಾಡಿನ ಮುಚ್ಚಳ ಮುಚ್ಚಿದೆ. ಪತ್ರವನ್ನು ಮಡಚಿ ಮೇಜಿನ ಗಾಜಿನ ಅಡಿಗೆ ಇಟ್ಟೆ.

"ಎಂತ ಅಕ್ಕ, ಇದಕ್ಕೆ ಸೀಲು ಹಾಕುದಿಲ್ವಾ?" ಅಂದ ಅಟೆಂಡರ್.

"ಪ್ಯಾಡು ಒಣಗಿದೆ ಮಾರಾಯ."

ಇದೆಲ್ಲ ಆಗಿ ಐದು ತಿಂಗಳಾಯಿತು. ಈಗ ಅಜ್ಜಾವರದಿಂದ ಒಂದೇ ಬಸ್ಸು, ಮೊಣಕಾಲೂ ಪರವಾಗಿಲ್ಲ. ಮೊನ್ನೆ ಪುತ್ತೂರಿನಿಂದ ಒಂದನೇ ನೆನಪೋಲೆ ಬಂದಿದೆ. ಇನ್ನೂ ಎರಡು ಬರಬೇಕು.