ಪೊಟ್ಟಣ ಹೇಳಿದ ಎರಡು ತಿಂಗಳು

“ಸಂಜೆ ನಾನು ಬರೋ ಹೊತ್ತಿಗೆ ಗಿಡದಲ್ಲಿ ಒಂದಾದ್ರೂ ಟೊಮೇಟೊ ಕಾಣ್ಬೇಕು. ಇಲ್ದಿದ್ರೆ ಕುಂಡ ಹೊರಗೆ, ಬಾಲ್ಕನಿಗೆ ಬಟ್ಟೆ ಹಗ್ಗ!” ಎಂದು ಹೇಳಿ ನರ್ಸ್ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಗಡಿಯಾರ ರಿಪೇರಿ ಮಾಡುವ ಗಂಡ ಬಾಲ್ಕನಿಗೆ ಓಡಿದ. ಬೀಜದ ಪೊಟ್ಟಣದ ಮೇಲೆ ‘ಎರಡು ತಿಂಗಳಲ್ಲಿ ಹಣ್ಣು’ ಎಂದಿದ್ದುದನ್ನು ನಂಬಿ, ಮನೆಯಲ್ಲಿ ಬಿಸಿಲು ಬೀಳುವ ಒಂದೇ ಒಂದು ಬಾಲ್ಕನಿಯನ್ನು ಗಿಡಕ್ಕೆಂದು ಬಿಡಿಸಿಕೊಂಡಿದ್ದ. ಅಂದಿನಿಂದ ಅವಳ ಯೂನಿಫಾರ್ಮು ಅಡುಗೆಮನೆಯಲ್ಲಿ ಒಣಗಿ ಈರುಳ್ಳಿ ವಾಸನೆ ಹೊಡೆಯುತ್ತಿತ್ತು. ಆ ಎರಡು ತಿಂಗಳು ಇವತ್ತಿಗೆ ಮುಗಿದಿತ್ತು. ಗಿಡ ಮಾತ್ರ ಒಂದೆರಡು ಗೊಂಚಲು ಹೂ ಮುಡಿದು, ಊಟಕ್ಕೆ ಕರೆಯಲೆಂದು ಕಾದ ನೆಂಟರ ಹಾಗೆ ಸುಮ್ಮನೆ ನಿಂತಿತ್ತು.

“ಇನ್ನೂ ಕಾಯಿ ಇಲ್ವೇನಯ್ಯಾ?” ಮೇಲಿನ ಬಾಲ್ಕನಿಯಿಂದ ನಿವೃತ್ತ ಡ್ರಿಲ್ ಮೇಷ್ಟ್ರು ಬಗ್ಗಿದರು. “ಹೂವನ್ನ ನಡುಗಿಸ್ಬೇಕು! ಗಡ್ಡದ ಟ್ರಿಮ್ಮರ್ ಹಿಡಿ, ಪರಾಗ ಉದುರತ್ತೆ.”

ಹಿಡಿದ. ಗುಂಯ್ ಎಂದಿತು. ಪರಾಗದ ಬದಲು ಒಂದು ಗೊಂಚಲೇ ಕತ್ತರಿಸಿಕೊಂಡು ಅಂಗೈಗೆ ಬಿತ್ತು.

“ಹಿಂಬದಿ ತಾಗಿಸ್ಬೇಕಿತ್ತಪ್ಪಾ!”

“ಅದನ್ನ ಮೊದಲೇ ಹೇಳ್ಬಾರ್ದಿತ್ತಾ ಸಾರ್?”

ಎದುರುಮನೆ ಅಜ್ಜಿ ಕಿಟಕಿಯಿಂದಲೇ ಔಷಧಿ ಹೇಳಿದರು. “ಮುದ್ದು ಮಾಡಿ ಕೆಡಿಸಿದ್ದೀಯ ಮಗಾ. ಗದರು, ತಾನಾಗಿ ದಾರಿಗೆ ಬರತ್ತೆ.”

“ಸಂಜೆಯೊಳಗೆ ನಿನಗೊಂದು ಗತಿ ಕಾಣಿಸ್ತೀನಿ!” ಎಂದು ಅವನು ಗಿಡಕ್ಕೆ ಕೂಗಿದ್ದಕ್ಕೆ, ಗಡಿಯಾರ ಹಿಡಿದು ಬಾಗಿಲಿಗೆ ಬಂದಿದ್ದ ಗಿರಾಕಿ ಬಂದ ದಾರಿ ಹಿಡಿದ.

ಬೇರೆ ದಾರಿ ಕಾಣದೆ ಅಂಗಡಿಗೆ ಓಡಿ ಟೊಮೇಟೊ ತಂದ. ಕೈಗಡಿಯಾರದ ಚಿಮುಟದಿಂದ ಹಸಿರು ದಾರ ಹಿಡಿದು ಒಂದೊಂದನ್ನೇ ಟೊಂಗೆಗೆ ಕಟ್ಟಿದ.

ಸಂಜೆ ಹೆಂಡತಿ ಬಂದು ಬಾಲ್ಕನಿ ನೋಡಿ ಕಣ್ಣರಳಿಸಿದಳು.

“ಅಯ್ಯೋ ರೀ! ಬೀಜದಂಗಡಿಯವರನ್ನ ಕೇಳ್ಕೊಂಡು ಬಂದೆ. ಆ ಎರಡು ತಿಂಗಳು ಬೀಜ ಹಾಕಿದಾಗಿನಿಂದ ಅಲ್ವಂತೆ, ಸಸಿ ಕಿತ್ತು ನೆಟ್ಟಾಗಿನಿಂದ ಲೆಕ್ಕವಂತೆ. ಪಾಪ, ಇನ್ನೊಂದು ತಿಂಗಳು ಇರ್ಲಿ ಅನ್ನೋಣ ಅಂತಿದ್ದೆ. ಹಣ್ಣು ಬಂದೇಬಿಟ್ಟಿದೆಯಲ್ಲ! ಹಣ್ಣು ಸಿಕ್ಕಮೇಲೆ ಗಿಡದ ಕೆಲಸ ಮುಗೀತು, ನಿಮ್ಮ ಆಸೆ ತೀರ್ತು. ಇನ್ನು ಗಿಡ ಕಿತ್ತು ಹಗ್ಗ ಕಟ್ಟಿ.”

“ಕೀಳೋದು ಬೇಡ ಕಣೇ! ಅವು ಅಂಗಡೀವು!” ಅವನು ಗಿಡಕ್ಕೆ ಅಡ್ಡ ನಿಂತ.

ಹೆಂಡತಿ ಒಂದು ಹಣ್ಣು ತಿರುಗಿಸಿ ದಾರದ ಗಂಟು ನೋಡಿದಳು. ಸೆರಗಿಲ್ಲದ ಯೂನಿಫಾರ್ಮಿನ ತೋಳಿನಿಂದಲೇ ಕಣ್ಣೊರೆಸಿಕೊಂಡು ನಕ್ಕಳು. “ಒಂದು ತಿಂಗಳು ಕೊಟ್ಟೆ, ಹೋಗಿ.”



ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮೇಷ್ಟ್ರು, ಅಜ್ಜಿ, ಹಿಂದೆ ಮೆಟ್ಟಿಲ ತುಂಬ ಜನ. ಎಲ್ಲರ ಕೈಯಲ್ಲೂ ಒಂದೊಂದು ಕುಂಡ.

“ಬೆಳಿಗ್ಗೆ ಹೂವು, ಸಂಜೆ ಹಣ್ಣು! ಏನು ಬಿಸಿಲಯ್ಯಾ ನಿಂದು! ನಮ್ಮವೂ ಇಲ್ಲೇ ಇರ್ಲಿ,” ಎಂದರು ಮೇಷ್ಟ್ರು.

ಅವನು ಹೆಂಡತಿಯ ಮುಖ ನೋಡಿದ. ನಿಜ ಹೇಳಿದರೆ ಮಾನ ಹೋಗುತ್ತದೆ. “ಇಡಿ ಸಾರ್,” ಎಂದ.

ಮೇಷ್ಟ್ರು ಸೀಟಿ ಊದದಿದ್ದುದೊಂದೇ ಕಡಿಮೆ. “ಕುಳ್ಳರು ಮುಂದೆ, ಎತ್ತರದವರು ಹಿಂದೆ!” ಎಂದು ಕುಂಡಗಳನ್ನು ಸಾಲಾಗಿ ನಿಲ್ಲಿಸಿದರು. ಎಲ್ಲಕ್ಕಿಂತ ಎತ್ತರದ್ದು ಅವನ ಗಿಡವೇ. ಅದು ಬಾಲ್ಕನಿಯಿಂದ ಹಿಂದೆ ಸರಿದು, ಹೊಸಿಲು ದಾಟಿ, ಅಡುಗೆಮನೆಯಲ್ಲಿ ಒದ್ದೆ ಯೂನಿಫಾರ್ಮಿನ ಕೆಳಗೆ ಬಂದು ನಿಂತಿತು.